ಕೋಲ್ಡ್ ಟಿಪ್ 80 ಕೆಲ್ವಿನ್‌ಗೆ ಇಳಿಯದಿದ್ದರೆ: ಕರಾವಳಿಯ ಲ್ಯಾಬ್‌ಗಳಿಗೆ ದೋಷ ನಿವಾರಣೆ ಕೈಪಿಡಿ

ಜನವರಿಯಲ್ಲಿ ಸಲೀಸಾಗಿ 80 ಕೆಲ್ವಿನ್ (ಸುಮಾರು ಮೈನಸ್ 193 ಡಿಗ್ರಿ ಸೆಲ್ಸಿಯಸ್) ಮುಟ್ಟುತ್ತಿದ್ದ ಕ್ರಯೋಸ್ಟಾಟ್, ಅಂದರೆ ಉಪಗ್ರಹದ ಡಿಟೆಕ್ಟರ್‌ನಂಥದ್ದನ್ನು ನಿರ್ವಾತದಲ್ಲಿ ತಣ್ಣಗಿಟ್ಟು ಪರೀಕ್ಷಿಸುವ ಪಾತ್ರೆ, ಮಳೆ ಸುರಿಯುವ ಆಟಿ ತಿಂಗಳಲ್ಲಿ 95ರ ಹತ್ತಿರ ಬಂದು ನಿಂತುಬಿಡುತ್ತದೆ. ಕೂಲರ್ ಅದೇ, ಪಂಪ್ ಅದೇ, ವೈರಿಂಗ್ ಅದೇ. ಸುರತ್ಕಲ್ ಕಡಲ ಬದಿಯ ಲ್ಯಾಬ್ ಇರಲಿ, ಮಣಿಪಾಲದ ಮುರಕಲ್ಲು ಗುಡ್ಡದ ಮೇಲಿನ ಲ್ಯಾಬ್ ಇರಲಿ, ಮೊದಲು ಬಾಯಿಗೆ ಬರುವ ಮಾತು ‘ಕೂಲರ್ ಹೋಯಿತು’ ಎಂದೇ. ಹೆಚ್ಚಿನ ಸಲ ಕೂಲರ್ ಹೋಗಿರುವುದಿಲ್ಲ. ನೀರು ಒಳಗೆ ಬಂದು ಕೂತಿರುತ್ತದೆ. ಕೂಲರ್ ಬಿಚ್ಚುವುದು ಕೊನೆಯ ಕೆಲಸ. ಅದಕ್ಕೆ ಮೊದಲು ಮೂರು ಪ್ರಶ್ನೆಗಳಿಗೆ ಇದೇ ಕ್ರಮದಲ್ಲಿ ಉತ್ತರ ಸಿಗಬೇಕು: ಥರ್ಮಾಮೀಟರ್ ನಿಜ ಹೇಳುತ್ತಿದೆಯೇ? ಹೊರಗಿನ ಶಾಖ ಎಷ್ಟು ಒಳಗೆ ಬರುತ್ತಿದೆ? ಕೂಲರ್ ಎಷ್ಟು ಶಾಖ ಎತ್ತುತ್ತಿದೆ?

ಕ್ರಯೋಜೆನಿಕ್ಸ್ ಅಂದ ಕೂಡಲೇ ನಮ್ಮಲ್ಲಿ ನೆನಪಾಗುವುದು ರಾಕೆಟ್ ಎಂಜಿನ್. ಉಡುಪಿ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ರಾವ್ ಇಸ್ರೋ ಅಧ್ಯಕ್ಷರಾಗಿದ್ದ ಕಾಲದಲ್ಲೇ ದೇಶದ ಕ್ರಯೋಜೆನಿಕ್ ಎಂಜಿನ್ ಕೆಲಸ ಶುರುವಾದದ್ದು. ಅಲ್ಲಿ ಟನ್‌ಗಟ್ಟಲೆ ದ್ರವ ಜಲಜನಕ, ದ್ರವ ಆಮ್ಲಜನಕದ ಲೆಕ್ಕ. ಉಪಗ್ರಹದ ಅವಕೆಂಪು ಡಿಟೆಕ್ಟರ್ ತಂಪು ಮಾಡುವ ಕೆಲಸದಲ್ಲಿ ಲೆಕ್ಕವೆಲ್ಲ ಒಂದೆರಡು ವ್ಯಾಟ್‌ಗಳದ್ದು. ಅರ್ಧ ವ್ಯಾಟ್ ಎಲ್ಲಿಂದ ಬಂತು ಎಂದು ಹುಡುಕುವುದರಲ್ಲೇ ದಿನ ಹೋಗುತ್ತದೆ. ಈ ಬರಹ ಅದಕ್ಕಾಗಿ.

ಉದಾಹರಣೆಗೆ ಒಂದು ಸಾಮಾನ್ಯ ಜೋಡಣೆ ಇಟ್ಟುಕೊಳ್ಳೋಣ. 10 ಲೀಟರ್ ಒಳಗಾತ್ರದ ಸ್ಟೀಲ್ ಚೇಂಬರ್. ಗಾಳಿ ಎಳೆದು ನಿರ್ವಾತ ಮಾಡಲು ರೋಟರಿ ಪಂಪ್ ಹಿಂದೆ, ಟರ್ಬೊ ಪಂಪ್ ಮುಂದೆ. ಶಾಖದ ಭಾರ ಏನೂ ಇಲ್ಲದಾಗ 50 ಕೆಲ್ವಿನ್‌ಗೆ ಇಳಿಯುವ, 80 ಕೆಲ್ವಿನ್‌ನಲ್ಲಿ 2 ವ್ಯಾಟ್ ಎತ್ತುವ, ಒಳಗೆ ತುಂಬಿದ ಹೀಲಿಯಂ ಅನಿಲವನ್ನು ಒತ್ತಿ ಹಿಗ್ಗಿಸಿ ತಂಪು ಮಾಡುವ ಸ್ಟರ್ಲಿಂಗ್ ಅಥವಾ ಪಲ್ಸ್ ಟ್ಯೂಬ್ ಕೂಲರ್. ಕೂಲರ್‌ನ ತಣ್ಣನೆಯ ತುದಿಯಾದ ಕೋಲ್ಡ್ ಟಿಪ್‌ನಿಂದ ತಾಮ್ರದ ಹೆಣೆದ ಪಟ್ಟಿ, ಅದರ ತುದಿಗೆ ಅರ್ಧ ಕಿಲೋ ತಾಮ್ರದ ಡಿಟೆಕ್ಟರ್ ತಟ್ಟೆ, ಜಿ-10 ಫೈಬರ್‌ಗ್ಲಾಸ್ ಕಾಲುಗಳು. ತಣ್ಣನೆಯ ಮೇಲ್ಮೈ ಒಟ್ಟು 0.05 ಚದರ ಮೀಟರ್, ಸುತ್ತ ಅಲ್ಯೂಮಿನಿಯಂ ಲೇಪಿತ ಮೈಲಾರ್‌ನ ಬಹುಪದರ ಹೊದಿಕೆ, ಅಂದರೆ ಎಂಎಲ್‌ಐ. ನಿಮ್ಮ ಅಂಕಿಗಳು ಬೇರೆ ಇರಬಹುದು, ಲೆಕ್ಕದ ದಾರಿ ಅದೇ.

ಮೊದಲು ಥರ್ಮಾಮೀಟರ್

ಕೂಲರ್ ಆನ್ ಮಾಡುವ ಮೊದಲು, ರಾತ್ರಿಯಿಡೀ ಸುಮ್ಮನಿದ್ದ ಚೇಂಬರ್‌ನಲ್ಲಿ ಎಲ್ಲ ಸೆನ್ಸರ್‌ಗಳೂ ಒಂದೇ ತಾಪಮಾನ ತೋರಿಸಬೇಕು. ಪಿಟಿ-100 ಎಂಬ ಪ್ಲಾಟಿನಂ ರೋಧದ ಸೆನ್ಸರ್ ಆದರೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 111.7 ಓಮ್. ದ್ರವ ಸಾರಜನಕದಲ್ಲಿ ಮುಳುಗಿಸಿದರೆ ಸುಮಾರು 20.3 ಓಮ್. ಆ ತಣ್ಣಗಿನ ತುದಿಯಲ್ಲಿ ಒಂದು ಕೆಲ್ವಿನ್‌ಗೆ ಬದಲಾಗುವುದು 0.43 ಓಮ್ ಮಾತ್ರ. ಹಾಗಾಗಿ ಎರಡೇ ವೈರ್‌ನಲ್ಲಿ ಅಳೆದರೆ ಒಂದು ಓಮ್ ವೈರ್ ರೋಧವೂ 2 ಕೆಲ್ವಿನ್‌ಗಿಂತ ಹೆಚ್ಚು ಸುಳ್ಳು ಹೇಳಿಸುತ್ತದೆ. ನಾಲ್ಕು ವೈರ್ ಬೇಕೇ ಬೇಕು, ಇದರಲ್ಲಿ ರಾಜಿ ಬೇಡ.

ಸಿಲಿಕಾನ್ ಡಯೋಡ್ ಸೆನ್ಸರ್ ಇದ್ದರೆ 10 ಮೈಕ್ರೊಆಂಪಿಯರ್ ಹರಿಸಿದಾಗ ಕೋಣೆಯ ತಾಪಮಾನದಲ್ಲಿ ಸುಮಾರು 0.56 ವೋಲ್ಟ್, 77 ಕೆಲ್ವಿನ್‌ನಲ್ಲಿ ಸುಮಾರು 1.03 ವೋಲ್ಟ್ ಬರಬೇಕು. ಡಯೋಡ್‌ಗೆ ಒಂದು ವಿಶೇಷ ಕಾಯಿಲೆ ಉಂಟು. ಕೂಲರ್‌ನ ಮೋಟಾರ್ ಡ್ರೈವ್‌ನಿಂದಲೋ 50 ಹರ್ಟ್ಸ್ ಮೇನ್ಸ್‌ನಿಂದಲೋ ವಿದ್ಯುತ್ ಸದ್ದು (ನಾಯ್ಸ್) ವೈರ್‌ಗೆ ಹತ್ತಿದರೆ ಅದನ್ನು ಡಯೋಡ್ ಏಕಮುಖ ಮಾಡಿಬಿಡುತ್ತದೆ. ಸರಾಸರಿ ವೋಲ್ಟೇಜ್ ಕುಸಿದು ತಾಪಮಾನ ಇದ್ದುದಕ್ಕಿಂತ ಹೆಚ್ಚು ಕಾಣುತ್ತದೆ. ಪತ್ತೆ ಸುಲಭ. ಡ್ರೈವ್ ಅನ್ನು ಎರಡು ಸೆಕೆಂಡ್ ಆಫ್ ಮಾಡಿ. ಅರ್ಧ ಕಿಲೋ ತಾಮ್ರ ಎರಡು ಸೆಕೆಂಡ್‌ನಲ್ಲಿ ಕೆಲ್ವಿನ್‌ಗಟ್ಟಲೆ ಹಾರಲು ಸಾಧ್ಯವೇ ಇಲ್ಲ. ಓದು ಫಕ್ಕನೆ ಹಾರಿದರೆ ಅದು ಸದ್ದು. ಶೀಲ್ಡ್ ಅನ್ನು ಒಂದೇ ತುದಿಯಲ್ಲಿ ಅರ್ತ್ ಮಾಡಿ, ಸೆನ್ಸರ್ ವೈರ್‌ಗಳನ್ನು ಜೋಡಿ ಜೋಡಿಯಾಗಿ ಹೊಸೆದು ಮೋಟಾರ್ ಕೇಬಲ್‌ನಿಂದ ದೂರ ಎಳೆಯಿರಿ.

ಕಡಲ ಬದಿಯಲ್ಲಿ ಇನ್ನೊಂದು ತೊಂದರೆ, ಕನೆಕ್ಟರ್. ಉಪ್ಪಿನ ತೆಳು ಪದರ ಪಿನ್‌ಗಳ ನಡುವೆ ಕೂತಿರುತ್ತದೆ. ಬೇಸಿಗೆಯ ಮಧ್ಯಾಹ್ನ ಅದು ಒಣಗಿರುವುದರಿಂದ ಗೊತ್ತೇ ಆಗುವುದಿಲ್ಲ. ಮಳೆ ಹಿಡಿದ ಮೇಲೆ ತೇವ ಎಳೆದುಕೊಂಡು ವಿದ್ಯುತ್ ಹರಿಸಲು ಶುರುಮಾಡುತ್ತದೆ. 10 ಮೈಕ್ರೊಆಂಪಿಯರ್‌ನ ಡಯೋಡ್‌ಗೆ ಸಮಾನಾಂತರವಾಗಿ 1 ಮೆಗಾಓಮ್ ಸೋರಿಕೆ ಇದ್ದರೆ ಹತ್ತನೇ ಒಂದು ಪಾಲು ಕರೆಂಟ್ ಆ ದಾರಿ ಹಿಡಿಯುತ್ತದೆ, ಓದಿನಲ್ಲಿ ಅರ್ಧ ಕೆಲ್ವಿನ್‌ನ ಆಸುಪಾಸು ತಪ್ಪು. ಎರಡೂ ಕಡೆ ಕೇಬಲ್ ಕಳಚಿ ಪಿನ್‌ಗಳ ನಡುವಿನ ರೋಧ ಅಳೆಯಿರಿ. ನೂರು ಮೆಗಾಓಮ್‌ಗಿಂತ ಕಡಿಮೆ ಇದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಬ್ರಷ್ ಅದ್ದಿ ತೊಳೆದು, ಬಿಸಿ ಗಾಳಿ ಹಿಡಿದು, ಮತ್ತೆ ಅಳೆಯಿರಿ. ಪಿನ್ ಮೇಲೆ ಹಸಿರು ಕಿಲುಬು ಕಂಡರೆ ಆ ಕನೆಕ್ಟರ್ ಅನ್ನು ಉಳಿಸಿಕೊಳ್ಳಲು ಹೋಗಬೇಡಿ.

ಕೊನೆಗೆ ಸೆನ್ಸರ್ ಸರಿಯಾಗಿ ಅಂಟಿದೆಯೇ ನೋಡಿ. ಅದರ ವೈರ್ ನೇರ ಕೋಣೆಯ ತಾಪಮಾನದಿಂದ ಬಂದು ಸೆನ್ಸರ್‌ಗೆ ತಾಗಿದರೆ ಸೆನ್ಸರ್ ತೋರಿಸುವುದು ತಟ್ಟೆಯ ತಾಪಮಾನ ಅಲ್ಲವೇ ಅಲ್ಲ. ಸೆನ್ಸರ್‌ಗೆ ಮುಂಚೆ ಕೆಲವು ಸುತ್ತು ವೈರ್ ಅನ್ನು ತಣ್ಣನೆಯ ತಾಮ್ರದ ಮೇಲೆ ಸುತ್ತಿ ವಾರ್ನಿಷ್ ಹಾಕಿ ಕೂರಿಸಬೇಕು.

ನಿರ್ವಾತ ಮತ್ತು ನೀರು

ಇಲ್ಲಿ ನಿಧಾನಿಸಬೇಕು. ಕರಾವಳಿಯಲ್ಲಿ ದೋಷ ಹೆಚ್ಚಾಗಿ ಸಿಗುವುದು ಇಲ್ಲೇ.

ಚೇಂಬರ್ ಒಳಗೆ ಉಳಿದ ಅನಿಲ ಶಾಖವನ್ನು ಹೊತ್ತು ತರುತ್ತದೆ. 10⁻³ ಮಿಲಿಬಾರ್‌ಗಿಂತ ಕೆಳಗೆ ಈ ಶಾಖ ಒತ್ತಡಕ್ಕೆ ನೇರ ಅನುಪಾತದಲ್ಲಿರುತ್ತದೆ. 300 ಕೆಲ್ವಿನ್ ಗೋಡೆ, 77 ಕೆಲ್ವಿನ್ ತಟ್ಟೆ, ನಡುವೆ ಗಾಳಿ ಎಂದಿಟ್ಟುಕೊಂಡರೆ 10⁻³ ಮಿಲಿಬಾರ್‌ನಲ್ಲಿ ಚದರ ಮೀಟರ್‌ಗೆ ಸುಮಾರು 27 ವ್ಯಾಟ್, 10⁻⁴ರಲ್ಲಿ 2.7, 10⁻⁵ರಲ್ಲಿ 0.27. ನಮ್ಮ 0.05 ಚದರ ಮೀಟರ್‌ಗೆ ಇದು ಕ್ರಮವಾಗಿ 1.35 ವ್ಯಾಟ್, 0.13 ವ್ಯಾಟ್, 0.013 ವ್ಯಾಟ್. 2 ವ್ಯಾಟ್ ಎತ್ತುವ ಕೂಲರ್‌ಗೆ ಮೊದಲನೆಯದು ಮಾರಕ, ಕೊನೆಯದು ಲೆಕ್ಕಕ್ಕೇ ಇಲ್ಲ. ಎಂಎಲ್‌ಐ ಇದ್ದಾಗ ಎಚ್ಚರ ಇನ್ನೂ ಹೆಚ್ಚು ಬೇಕು, ಏಕೆಂದರೆ ಗೇಜ್ ಅಳೆಯುವುದು ಚೇಂಬರ್‌ನ ಒತ್ತಡ. ಪದರಗಳ ನಡುವಿನ ಒತ್ತಡ ಅದಕ್ಕಿಂತ ಬಹಳ ಹೆಚ್ಚಿರಬಹುದು.

ಪಂಪ್ ಮಾಡಿದಷ್ಟೂ ಒತ್ತಡ ಇಳಿಯದಿದ್ದರೆ ಸೋರಿಕೆಯೋ ನೀರೋ ಎಂಬುದನ್ನು ಬೇರ್ಪಡಿಸಲು ಕವಾಟ ಪರೀಕ್ಷೆ ಮಾಡಿ. ಕೂಲರ್ ಆಫ್, ಚೇಂಬರ್ ಕೋಣೆಯ ತಾಪಮಾನದಲ್ಲಿ. ಪಂಪ್ ಮತ್ತು ಚೇಂಬರ್ ನಡುವಿನ ವಾಲ್ವ್ ಮುಚ್ಚಿ, ಮೊದಲ ಐದು ನಿಮಿಷ ಪ್ರತಿ 30 ಸೆಕೆಂಡ್‌ಗೆ, ಆಮೇಲೆ ಒಂದು ಗಂಟೆವರೆಗೆ ಐದು ನಿಮಿಷಕ್ಕೊಮ್ಮೆ ಒತ್ತಡ ಬರೆದುಕೊಳ್ಳಿ. ಗೆರೆ ಎಳೆದು ನೋಡಿ. ನೇರ ಗೆರೆಯಾಗಿ ಏರುತ್ತಲೇ ಹೋದರೆ ಹೊರಗಿನಿಂದ ಗಾಳಿ ಬರುತ್ತಿದೆ. ಮೊದಲು ಚುರುಕಾಗಿ ಏರಿ ಆಮೇಲೆ ಬಾಗಿ ಮಲಗಿದರೆ ಗೋಡೆಗೆ ಅಂಟಿದ ನೀರು ಬಿಡುತ್ತಿದೆ. ಪ್ರಮಾಣ ಬೇಕಿದ್ದರೆ ಒತ್ತಡದ ಏರಿಕೆಯನ್ನು ಗಾತ್ರದಿಂದ ಗುಣಿಸಿ ಸಮಯದಿಂದ ಭಾಗಿಸಿ: 10 ಲೀಟರ್ ಚೇಂಬರ್‌ನಲ್ಲಿ 100 ಸೆಕೆಂಡ್‌ಗೆ 10⁻³ ಮಿಲಿಬಾರ್ ಏರಿದರೆ 10⁻⁴ ಮಿಲಿಬಾರ್-ಲೀಟರ್ ಪ್ರತಿ ಸೆಕೆಂಡ್. ಉಳಿಕೆ ಅನಿಲ ವಿಶ್ಲೇಷಕ ಇದ್ದರೆ ಇನ್ನೂ ಒಳ್ಳೆಯದು. ಅದು ಅನಿಲಗಳನ್ನು ಅಣುತೂಕದ ಪ್ರಕಾರ ಬೇರೆ ಬೇರೆ ಶಿಖರಗಳಾಗಿ ತೋರಿಸುತ್ತದೆ. 18ರ ಶಿಖರ ಎತ್ತರವಾಗಿದ್ದರೆ ನೀರು. 28 ಮತ್ತು 32 ಸರಿಸುಮಾರು ನಾಲ್ಕಕ್ಕೆ ಒಂದರಂತೆ ನಿಂತಿದ್ದರೆ ಗಾಳಿಯ ಸೋರಿಕೆ. 4ರಲ್ಲಿ ಏರುತ್ತಿದ್ದರೆ ಹೀಲಿಯಂ. ಅದರ ಮಾತು ಮುಂದೆ.

ಸೋರಿಕೆ ಎಂದಾದರೆ ಓ-ರಿಂಗ್‌ಗಳಿಂದ ಶುರುಮಾಡಿ. ಮುರಕಲ್ಲಿನ ಕೆಂಪು ಧೂಳು ಬೇಸಿಗೆಯಲ್ಲಿ ಎಲ್ಲಿ ಬೇಕಾದರೂ ನುಗ್ಗುತ್ತದೆ. ಒಂದೇ ಒಂದು ಕಣ ಓ-ರಿಂಗ್ ಅಡಿ ಸಿಕ್ಕಿದರೂ ಸಾಕು. ನೂಲು ಬಿಡದ ಬಟ್ಟೆಯಲ್ಲಿ ತೋಡು ಒರೆಸಿ, ಟಾರ್ಚ್ ಅಡ್ಡ ಹಿಡಿದು ತೋಡಿಗೆ ಅಡ್ಡಲಾಗಿ ಗೀರು ಇದೆಯೇ ನೋಡಿ. ಚಪ್ಪಟೆಯಾದ ರಿಂಗ್ ಬದಲಿಸಿ. ಗ್ರೀಸ್ ಹೊಳಪು ಬರುವಷ್ಟೇ ಸಾಕು, ಹೆಚ್ಚಾದ ಗ್ರೀಸ್ ಧೂಳು ಹಿಡಿಯುತ್ತದೆ. ಹೀಲಿಯಂ ಸೋರಿಕೆ ಪತ್ತೆ ಯಂತ್ರ ಸಿಕ್ಕರೆ ಮೊದಲು ಸೀಲಿಂಗ್ ಫ್ಯಾನ್ ಆಫ್ ಮಾಡಿ. ಫ್ಯಾನ್ ತಿರುಗುತ್ತಿದ್ದರೆ ಹೀಲಿಯಂ ಕೋಣೆಯೆಲ್ಲ ಹರಡಿ ಯಾವ ಜೋಡಣೆ ಎಂದೇ ತಿಳಿಯುವುದಿಲ್ಲ. ಹೀಲಿಯಂ ಮೇಲೇರುವ ಅನಿಲವಾದ್ದರಿಂದ ಮೇಲಿನ ಜೋಡಣೆಯಿಂದ ಕೆಳಕ್ಕೆ ಬನ್ನಿ, ಸಣ್ಣ ಸೂಜಿಯಲ್ಲಿ ಒಂದೊಂದಕ್ಕೇ ಬಿಡಿ. ತಕ್ಷಣ ಏರಿದ ಓದು ಸೋರಿಕೆ. ಕೆಲವು ನಿಮಿಷ ಬಿಟ್ಟು ಮೆಲ್ಲಗೆ ಏರಿದರೆ ರಬ್ಬರ್ ಮೂಲಕ ಹೀಲಿಯಂ ಜಿನುಗುತ್ತಿದೆ, ಅದು ದೋಷವಲ್ಲ.

ಕೆಲವು ಸೋರಿಕೆ ತಣ್ಣಗಾದಾಗ ಮಾತ್ರ ಬಾಯಿ ತೆರೆಯುತ್ತದೆ. ತಣ್ಣನೆಯ ಮೇಲ್ಮೈ ತಾನೇ ಪಂಪ್‌ನಂತೆ ನೀರನ್ನು ಹಿಡಿದಿಡುವುದರಿಂದ ಕೂಲರ್ ಓಡುತ್ತಿದ್ದಂತೆ ಒತ್ತಡ ಇಳಿಯಬೇಕು. ಇಳಿಯುವ ಬದಲು ಏರಿದರೆ ಕೋಲ್ಡ್ ಫಿಂಗರ್ (ಕೋಲ್ಡ್ ಟಿಪ್ ಹೊತ್ತ ಕೂಲರ್‌ನ ತೆಳು ಕೊಳವೆ) ಬೆಸುಗೆ, ಮೆದು ಲೋಹವಾದ ಇಂಡಿಯಂನ ಸೀಲ್ ಇವನ್ನು ಅನುಮಾನಿಸಿ. ಇದೇ ಗುಣದ ಇನ್ನೊಂದು ಮುಖವೂ ಇದೆ: ಸಣ್ಣ ಸೋರಿಕೆ ಇದ್ದಾಗ ಒಳಬಂದ ತೇವವನ್ನೆಲ್ಲ ತಣ್ಣನೆಯ ತುದಿ ನುಂಗಿ, ಗೇಜ್ ಚೆನ್ನಾಗಿಯೇ ತೋರಿಸುತ್ತದೆ. ಕೂಲರ್ ನಿಲ್ಲಿಸಿ ಬಿಸಿಯಾಗುವಾಗ ಗೇಜ್ ನೋಡುತ್ತಾ ಕೂರಿ. 150 ಕೆಲ್ವಿನ್ ದಾಟಿದ ಮೇಲೆ ಒತ್ತಡ ದಿಢೀರ್ ಎದ್ದರೆ ಅಲ್ಲಿ ಮಂಜು ಕಟ್ಟಿತ್ತು ಎಂದೇ ಅರ್ಥ.

ಈಗ ನೀರಿನ ವಿಷಯ. ಆಟಿಯಲ್ಲಿ ಮುಚ್ಚಳ ತೆಗೆದಿಟ್ಟ ಹಪ್ಪಳದ ಡಬ್ಬಿಯಷ್ಟೇ ಬೇಗ ಎಂಎಲ್‌ಐ ತೇವ ಹೀರುತ್ತದೆ. ಹತ್ತಾರು ಪದರ ಪ್ಲಾಸ್ಟಿಕ್, ನಡುವೆ ಜಾಲರಿ. ಮೇಲ್ಮೈಯ ಒಟ್ಟು ವಿಸ್ತೀರ್ಣ ಚೇಂಬರ್ ಗೋಡೆಗಿಂತ ಎಷ್ಟೋ ಪಾಲು ಹೆಚ್ಚು, ಆದರೆ ಹೊರಬರುವ ದಾರಿ ಅಂಚುಗಳು ಮತ್ತು ಸಣ್ಣ ತೂತುಗಳು ಮಾತ್ರ. ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಚೇಂಬರ್ ತೆರೆದಿಟ್ಟರೆ ಅದನ್ನು ಒಣಗಿಸಲು ದಿನಗಟ್ಟಲೆ ಪಂಪ್ ಮಾಡಬೇಕಾಗುತ್ತದೆ.

ಒಣಗಿಸುವ ಕ್ರಮ ಹೀಗೆ. ರೋಟರಿ ಪಂಪ್‌ನ ಗ್ಯಾಸ್ ಬ್ಯಾಲಸ್ಟ್ (ಪಂಪ್ ಒಳಗೆ ತುಸು ಗಾಳಿ ಬಿಡುವ ವಾಲ್ವ್) ತೆರೆದು ಮೊದಲ ಅರ್ಧ ಗಂಟೆ ಓಡಿಸಿ, ಇಲ್ಲದಿದ್ದರೆ ನೀರು ಪಂಪ್ ಎಣ್ಣೆಗೇ ಸೇರುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಮೊದಲು ಎಣ್ಣೆ ಬದಲಿಸಿ. ಸುಮಾರು 1 ಮಿಲಿಬಾರ್ ತಲುಪಿದ ಮೇಲೆ ಪಂಪ್ ವಾಲ್ವ್ ಮುಚ್ಚಿ ಒಣ ಸಾರಜನಕ ಬಿಟ್ಟು ವಾತಾವರಣದ ಒತ್ತಡಕ್ಕಿಂತ ತುಸು ಕೆಳಗೆ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಎಳೆಯಿರಿ. ಮೂರು ಸಲ ಹೀಗೆ ಮಾಡಿ. ಆಮೇಲೆ ಬ್ಯಾಲಸ್ಟ್ ಮುಚ್ಚಿ, ಟರ್ಬೊ ಹಾಕಿ, ಚೇಂಬರ್ ಹೊರಗೆ ಹೀಟಿಂಗ್ ಟೇಪ್ ಸುತ್ತಿ 60ರಿಂದ 70 ಡಿಗ್ರಿಯಲ್ಲಿ 24 ಗಂಟೆ ಇಡಿ. ಒಳಗಿನ ತಟ್ಟೆಯನ್ನೂ ಅದರ ಹೀಟರ್‌ನಿಂದಲೇ ಅಷ್ಟೇ ಬಿಸಿ ಇಡಬೇಕು. ಇಲ್ಲವಾದರೆ ಗೋಡೆಯಿಂದ ಎದ್ದ ನೀರು ತಟ್ಟೆಗೆ ಹೋಗಿ ಕೂರುತ್ತದೆ. ಇಂಡಿಯಂ 156 ಡಿಗ್ರಿಗೆ ಕರಗಿದರೂ ಅದಕ್ಕಿಂತ ಬಹಳ ಮೊದಲೇ ಮೆತ್ತಗಾಗಿ ಹಿಂಡಿಕೊಳ್ಳುತ್ತದೆ. ನಿಜ ಡಿಟೆಕ್ಟರ್ ಇದ್ದರೆ ಅದರ ಮಿತಿ ಎಷ್ಟೆಂದು ನೋಡದೆ ಬಿಸಿ ಮಾಡಬೇಡಿ. ತಣ್ಣನೆಯ ತಟ್ಟೆಗೆ ಉಳಿದ ಅನಿಲ ಹೀರಲು ಇದ್ದಿಲಿನ ಗೆಟರ್ ಅಂಟಿಸಿದ್ದರೆ ಅದೂ ತೇವ ಕುಡಿದು ತುಂಬಿರುತ್ತದೆ. ಅದನ್ನು ನಿರ್ವಾತದಲ್ಲೇ ನೂರು ಡಿಗ್ರಿ ಹತ್ತಿರ ಕಾಯಿಸಿ ಖಾಲಿ ಮಾಡಬೇಕಾದ್ದರಿಂದ, ಡಿಟೆಕ್ಟರ್ ಹತ್ತಿಸುವ ಮೊದಲೇ ಆ ಕೆಲಸ ಮುಗಿಸಿ.

ಎಲ್ಲಕ್ಕಿಂತ ಹೆಚ್ಚು ನೀರು ಒಳಬರುವುದು ಚೇಂಬರ್ ತೆರೆಯುವ ಹೊತ್ತಿಗೆ. 30 ಡಿಗ್ರಿ, 85 ಶೇಕಡ ತೇವಾಂಶದ ಗಾಳಿಯ ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ನೀರಾಗಿ ಕೂರಲು ಶುರುವಾಗುವ ತಾಪಮಾನ, 27 ಡಿಗ್ರಿ. ಅಂದರೆ ತಟ್ಟೆ 20 ಡಿಗ್ರಿಗೆ ಬಂದಿದೆ, ‘ಬಿಸಿಯಾಯಿತು’ ಎಂದು ಮುಚ್ಚಳ ತೆಗೆದರೆ ಕಣ್ಣೆದುರೇ ತಾಮ್ರ ಬೆವರುತ್ತದೆ. ಹೀಟರ್ ಹಾಕಿ ತಟ್ಟೆಯನ್ನು 35 ಡಿಗ್ರಿಗೆ ತಂದ ಮೇಲೆ, ಸಾರಜನಕ ತುಂಬಿಸಿ ತೆರೆಯಿರಿ. ಬೇರೆ ಊರಲ್ಲಿ ಬರೆದ ಸೂಚನಾ ಪುಸ್ತಕಗಳಲ್ಲಿ ‘ಕೋಣೆಯ ತಾಪಮಾನ ಬಂದ ಮೇಲೆ ತೆರೆಯಿರಿ’ ಎಂದಷ್ಟೇ ಇರುತ್ತದೆ; ಇಲ್ಲಿಗೆ ಅದು ಸಾಲದು. ತೆರೆದಿರುವಷ್ಟು ಹೊತ್ತೂ ಸಾರಜನಕ ಸಣ್ಣಗೆ ಹರಿಯುತ್ತಿರಲಿ, ಕೆಲಸ ಮುಗಿದ ತಕ್ಷಣ ಮುಚ್ಚಿ ಎಳೆಯಿರಿ.

ನೀರು ಉಪಗ್ರಹದ ಜೊತೆ ಬಾಹ್ಯಾಕಾಶಕ್ಕೂ ಹೋಗುತ್ತದೆ. 2013ರಲ್ಲಿ ಹಾರಿದ ಗಾಯಾ ದೂರದರ್ಶಕದ ಕನ್ನಡಿಗಳ ಮೇಲೆ ಮಂಜು ಕಟ್ಟಿ, ಬಿಸಿ ಮಾಡಿ ಕಳೆಯಬೇಕಾಯಿತು. 2023ರಲ್ಲಿ ಹಾರಿದ ಯೂಕ್ಲಿಡ್‌ಗೂ ಹಾಗೆಯೇ ಆಗಿ, 2024ರ ಮಾರ್ಚ್‌ನಲ್ಲಿ ಅದರ ಒಂದು ಕನ್ನಡಿಯನ್ನು ಬಿಸಿ ಮಾಡಿದ ಮೇಲೆ ದೃಷ್ಟಿ ತಿಳಿಯಾಯಿತು. ಭೂಮಿಯಲ್ಲಿ ಹೊದಿಕೆ ಹೀರಿಕೊಂಡ ತೇವ ಅಲ್ಲಿ ನಿಧಾನಕ್ಕೆ ಬಿಡುತ್ತಾ ತಣ್ಣನೆಯ ಜಾಗ ಹುಡುಕಿ ಕೂರುತ್ತದೆ. ನಿಮ್ಮ ಪರೀಕ್ಷೆಯಲ್ಲಿ ಡಿಟೆಕ್ಟರ್ ಸಂಕೇತ ದಿನದಿಂದ ದಿನಕ್ಕೆ ಕುಗ್ಗುತ್ತಿದ್ದು 3 ಮೈಕ್ರಾನ್ ತರಂಗಾಂತರದ ಸುತ್ತ ಹೆಚ್ಚು ಕುಗ್ಗಿದ್ದರೆ ಕಾರಣ ಮಂಜೇ, ಏಕೆಂದರೆ ಅಲ್ಲಿ ಮಂಜು ಬಲವಾಗಿ ಹೀರುತ್ತದೆ. ಅದೇ ಮಂಜು ಹೊಳಪಿನ ಲೋಹದ ಮೇಲೆ ಕೆಲವೇ ಮೈಕ್ರಾನ್ ಕೂತರೂ ಅದರ ಶಾಖ ಹೀರುವ ಗುಣ ಏರಿ ಉಷ್ಣಭಾರವೂ ಹೆಚ್ಚುತ್ತದೆ.

ಹೀಟರ್ ಹಾಕಿ ಕೂಲರ್ ಮತ್ತು ಭಾರವನ್ನು ಬೇರ್ಪಡಿಸುವುದು

ನಿರ್ವಾತ ಸರಿಯಿದ್ದೂ ತಾಪಮಾನ ಇಳಿಯದಿದ್ದರೆ ಭಾರದ ಗೆರೆ ತೆಗೆಯಿರಿ, ಅಂದರೆ ಎಷ್ಟು ವ್ಯಾಟ್ ಶಾಖ ಕೊಟ್ಟರೆ ಎಷ್ಟು ತಾಪಮಾನ ಎಂಬ ಗೆರೆ. ಕೋಲ್ಡ್ ಟಿಪ್ ಮೇಲೆ 50 ಓಮ್ ಹೀಟರ್ ಇದ್ದರೆ 0.2 ಆಂಪಿಯರ್‌ಗೆ 2 ವ್ಯಾಟ್. ವೋಲ್ಟೇಜ್ ಅನ್ನು ಹೀಟರ್ ತುದಿಗೇ ಅಳೆಯುವ ಬೇರೆ ಎರಡು ವೈರ್ ಇರಲಿ, ಇಲ್ಲವಾದರೆ ದಾರಿಯಲ್ಲಿ ವ್ಯಯವಾದದ್ದೂ ಲೆಕ್ಕಕ್ಕೆ ಸೇರುತ್ತದೆ. 0, 0.5, 1, 1.5 ವ್ಯಾಟ್ ಕೊಟ್ಟು, ಪ್ರತಿ ಹಂತದಲ್ಲೂ ಹತ್ತು ನಿಮಿಷದಲ್ಲಿ 0.1 ಕೆಲ್ವಿನ್‌ಗಿಂತ ಕಡಿಮೆ ಬದಲಾಗುವವರೆಗೆ ಕಾದು ಓದಿ. ಕೂಲರ್ ಬಂದಾಗ ಕೊಟ್ಟ ಗೆರೆಯ ಪಕ್ಕದಲ್ಲಿ ಇದನ್ನು ಇಡಿ.

ನಮ್ಮ ಉದಾಹರಣೆಯ ಕೂಲರ್‌ಗೆ ವ್ಯಾಟ್‌ಗೆ 15 ಕೆಲ್ವಿನ್ ಏರಿಕೆ. ಹೊಸ ಗೆರೆಯೂ ವ್ಯಾಟ್‌ಗೆ 15 ಕೆಲ್ವಿನ್ ಏರುತ್ತಿದ್ದು, ಶುರುವಾಗುವುದು ಮಾತ್ರ 50ರ ಬದಲು 65ರಲ್ಲಿ ಎಂದಾದರೆ ಕೂಲರ್ ಆರೋಗ್ಯವಾಗಿದೆ. ಎಲ್ಲಿಂದಲೋ 1 ವ್ಯಾಟ್ ಹೆಚ್ಚುವರಿ ಬರುತ್ತಿದೆ. ಶುರು 55ರಲ್ಲಿದ್ದು ವ್ಯಾಟ್‌ಗೆ 25 ಕೆಲ್ವಿನ್‌ನಂತೆ ಏರಿದರೆ ಕೂಲರ್‌ನ ಶಕ್ತಿಯೇ ಕುಗ್ಗಿದೆ. ಎರಡೂ ಬೆರೆತಿದ್ದರೆ ಮೊದಲು ಹೆಚ್ಚುವರಿ ಭಾರ ತೆಗೆದು ಮತ್ತೆ ಅಳೆಯಿರಿ, ಒಟ್ಟಿಗೆ ಎರಡನ್ನೂ ಸರಿಮಾಡಲು ಹೋದರೆ ಯಾವುದು ಸರಿಯಾಯಿತು ಎಂದೇ ತಿಳಿಯುವುದಿಲ್ಲ.

ಇನ್ನೊಂದು ಪರೀಕ್ಷೆ ಕೂಲರ್ ನಿಲ್ಲಿಸಿ ಬಿಸಿಯಾಗುವ ವೇಗ ನೋಡುವುದು. 80 ಕೆಲ್ವಿನ್ ಸುತ್ತ ಅರ್ಧ ಕಿಲೋ ತಾಮ್ರವನ್ನು ಒಂದು ಕೆಲ್ವಿನ್ ಏರಿಸಲು ಸುಮಾರು 100 ಜೂಲ್ ಬೇಕು. ನಿಮಿಷಕ್ಕೆ 0.9 ಕೆಲ್ವಿನ್ ಏರಿದರೆ 90 ಜೂಲ್, 60 ಸೆಕೆಂಡ್, ಅಂದರೆ 1.5 ವ್ಯಾಟ್. ಇದರಲ್ಲಿ ನಿಂತ ಕೂಲರ್‌ನ ಕೋಲ್ಡ್ ಫಿಂಗರ್ ಮೂಲಕವೇ ಬರುವ ಶಾಖವೂ ಸೇರಿರುತ್ತದೆ, ಅದನ್ನು ಕೂಲರ್‌ನ ವಿವರಪತ್ರ ನೋಡಿ ಕಳೆಯಬೇಕು.

ಹೆಚ್ಚುವರಿ ಭಾರ ಎಲ್ಲಿಂದ ಎಂದು ಹುಡುಕಲು ಲೆಕ್ಕ ಹಾಕುವುದೇ ದಾರಿ. 300 ಕೆಲ್ವಿನ್ ಮೇಲ್ಮೈ ಚದರ ಮೀಟರ್‌ಗೆ 459 ವ್ಯಾಟ್ ಸೂಸಬಲ್ಲದು. ಸಣ್ಣ ಕ್ರಯೋಸ್ಟಾಟ್‌ನಲ್ಲಿ ಎಂಎಲ್‌ಐ ಅದರ ನೂರನೇ ಎರಡು ಪಾಲನ್ನು ಬಿಟ್ಟರೂ 0.05 ಚದರ ಮೀಟರ್‌ಗೆ 0.46 ವ್ಯಾಟ್. ಹೊದಿಕೆ ಜಾರಿ ಹತ್ತನೇ ಒಂದು ಪಾಲು ನುಗ್ಗುವಂತಾದರೆ 2.3 ವ್ಯಾಟ್, ಕೂಲರ್‌ನ ಪೂರ್ತಿ ಶಕ್ತಿಗಿಂತ ಹೆಚ್ಚು. ಎಂಎಲ್‌ಐ ಬಿಗಿಯಾಗಿ ಸುತ್ತಿದರೆ ಪದರ ಪದರಕ್ಕೆ ತಾಗಿ ಕೆಡುತ್ತದೆ. ಸೆಂಟಿಮೀಟರ್‌ಗೆ ಇಪ್ಪತ್ತರ ಆಸುಪಾಸು ಪದರ ಸಾಕು. ಹೊರಗಿನ ಬಿಸಿ ಪದರದ ಅಂಚು ಒಳಗಿನ ತಣ್ಣನೆಯ ಪದರಕ್ಕೆ ಮಡಚಿ ತಾಗುವುದು ತುಂಬಾ ಸಾಮಾನ್ಯ ತಪ್ಪು. ಅಂಚುಗಳನ್ನು ಪದರಕ್ಕೆ ಪದರ ಹೊಂದಿಸಿ ಅಂಟಿಸಬೇಕು.

ವೈರ್‌ಗಳು ಸದ್ದಿಲ್ಲದೆ ಶಾಖ ತರುತ್ತವೆ. 0.1 ಮಿಲಿಮೀಟರ್ ವ್ಯಾಸದ, 20 ಸೆಂಟಿಮೀಟರ್ ಉದ್ದದ ಒಂದು ತಾಮ್ರದ ವೈರ್ 300ರಿಂದ 77 ಕೆಲ್ವಿನ್‌ಗೆ ಸುಮಾರು 3.6 ಮಿಲಿವ್ಯಾಟ್ ತರುತ್ತದೆ. ಇಪ್ಪತ್ತು ವೈರ್‌ಗೆ 70 ಮಿಲಿವ್ಯಾಟ್ ದಾಟುತ್ತದೆ. ಫಾಸ್ಫರ್ ಬ್ರಾಂಜ್ ಹಾಕಿದರೆ ಅದರ ಹತ್ತನೇ ಒಂದು ಪಾಲಿನಷ್ಟು, ಮ್ಯಾಂಗನಿನ್ ಹಾಕಿದರೆ ಇನ್ನೂ ಕಡಿಮೆ. ಯಾರಾದರೂ ತುಂಡಾದ ಸೆನ್ಸರ್ ವೈರ್ ಅನ್ನು ಸಿಕ್ಕಿದ ದಪ್ಪ ತಾಮ್ರದ ವೈರ್‌ನಿಂದ ಜೋಡಿಸಿದ್ದಾರೆಯೇ ನೋಡಿ: ಅರ್ಧ ಮಿಲಿಮೀಟರ್ ವೈರ್ ಒಂದೇ ಇಪ್ಪತ್ತೈದು ಪಟ್ಟು ತರುತ್ತದೆ.

ತಾಗಬಾರದ್ದು ತಾಗುವುದು ಎಲ್ಲಕ್ಕಿಂತ ಕೆಟ್ಟದ್ದು, ಹೊರಗೆ ಕಾಣುವುದೂ ಇಲ್ಲ. ಹಬಲ್ ದೂರದರ್ಶಕಕ್ಕೆ 1997ರ ಫೆಬ್ರುವರಿಯಲ್ಲಿ ಹಾಕಿದ, ಘನ ಸಾರಜನಕದಿಂದ ತಂಪಾಗಿರುತ್ತಿದ್ದ ನಿಕ್ಮಾಸ್ ಎಂಬ ಅವಕೆಂಪು ಉಪಕರಣದಲ್ಲಿ ಆದದ್ದು ಇದೇ. ಘನ ಸಾರಜನಕ ಹಿಗ್ಗಿ ಪಾತ್ರೆಯ ಆಕಾರ ಬದಲಾಗಿ, ತಣ್ಣನೆಯ ಭಾಗ ಪಕ್ಕದ ಬೆಚ್ಚನೆಯ ಕವಚಕ್ಕೆ ತಾಗಿತು. ನಾಲ್ಕು ವರ್ಷಕ್ಕೂ ಹೆಚ್ಚು ಬಾಳಬೇಕಾಗಿದ್ದ ಸಾರಜನಕ 1999ರ ಜನವರಿಗೆ ಮುಗಿಯಿತು. 2002ರ ಮಾರ್ಚ್‌ನಲ್ಲಿ ನಿಯಾನ್ ಅನಿಲದಲ್ಲಿ ಓಡುವ ಬ್ರೇಟನ್ ಕೂಲರ್ ತೆಗೆದುಕೊಂಡು ಹೋಗಿ ಜೋಡಿಸಿದ ಮೇಲೆ ಡಿಟೆಕ್ಟರ್‌ಗಳು ಸುಮಾರು 77 ಕೆಲ್ವಿನ್‌ನಲ್ಲಿ ಮತ್ತೆ ಕೆಲಸ ಮಾಡಿದವು. ನಿಮ್ಮ ಚೇಂಬರ್‌ನಲ್ಲಿ ಇದನ್ನು ಹಿಡಿಯಲು ಓಮ್ ಮೀಟರ್ ಸಾಕು. ತಟ್ಟೆ ಜಿ-10 ಕಾಲಿನ ಮೇಲಿದ್ದರೆ, ತಾಮ್ರದ ಪಟ್ಟಿ ಮತ್ತು ಅರ್ತ್ ವೈರ್ ಬಿಡಿಸಿದಾಗ ತಟ್ಟೆಗೂ ಚೇಂಬರ್‌ಗೂ ವಿದ್ಯುತ್ ಸಂಪರ್ಕ ಇರಬಾರದು. ಕೋಣೆಯ ತಾಪಮಾನದಲ್ಲಿ ಸಂಪರ್ಕ ಇಲ್ಲದೆಯೂ ತಣ್ಣಗಾದಾಗ ಬರಬಹುದು, ಏಕೆಂದರೆ 293ರಿಂದ 77 ಕೆಲ್ವಿನ್‌ಗೆ ಅಲ್ಯೂಮಿನಿಯಂ 0.39 ಶೇಕಡ, ತಾಮ್ರ 0.30, ಸ್ಟೀಲ್ 0.28 ಕುಗ್ಗುತ್ತದೆ. 30 ಸೆಂಟಿಮೀಟರ್ ಅಲ್ಯೂಮಿನಿಯಂ ಕವಚ ಒಂದು ಮಿಲಿಮೀಟರ್‌ಗಿಂತ ಹೆಚ್ಚು ಎಳೆಯುತ್ತದೆ. ಆದ್ದರಿಂದ ಅಂತರ ಕನಿಷ್ಠ ಮೂರು ಮಿಲಿಮೀಟರ್ ಇಡಿ.

ಅದೇ ಕುಗ್ಗುವಿಕೆ ಬೋಲ್ಟ್‌ಗಳನ್ನೂ ಸಡಿಲಿಸುತ್ತದೆ. ತಾಮ್ರದ ಪಟ್ಟಿಯ ಎರಡೂ ತುದಿಯಲ್ಲಿ ಥರ್ಮಾಮೀಟರ್ ಇದ್ದರೆ ತಿಳಿಯುತ್ತದೆ: ತಟ್ಟೆಗೆ 1 ವ್ಯಾಟ್ ಹೀಟರ್ ಕೊಟ್ಟಾಗ ಮೊದಲು 2 ಕೆಲ್ವಿನ್ ಇದ್ದ ವ್ಯತ್ಯಾಸ ಈಗ 8 ಆಗಿದ್ದರೆ ಕೂಲರ್‌ಗೂ ನಿರ್ವಾತಕ್ಕೂ ಸಂಬಂಧವಿಲ್ಲ, ಜೋಡಣೆ ಸಡಿಲಾಗಿದೆ. ಬಿಚ್ಚಿ, ಮೇಲ್ಮೈಯ ಕಪ್ಪು ತೆಗೆದು, 0.1 ಮಿಲಿಮೀಟರ್ ಇಂಡಿಯಂ ಹಾಳೆ ಇಟ್ಟು, ಸ್ಪ್ರಿಂಗ್ ವಾಷರ್ ಹಾಕಿ ಬಿಗಿಯಿರಿ. ಇಂಡಿಯಂ ಹಿಂಡಿಕೊಂಡು ಸಡಿಲ ಆಗುವುದರಿಂದ ಮಾರನೆಯ ದಿನ ಇನ್ನೊಮ್ಮೆ ಬಿಗಿಯಬೇಕು. ಒಮ್ಮೆ ಬಳಸಿದ ಹಾಳೆ ಮತ್ತೆ ಹಾಕಬಾರದು.

ಕೂಲರ್‌ನ ಮೇಲೇ ಅನುಮಾನ ಬಂದಾಗ

ಮೊದಲು ಬಿಸಿ ತುದಿ ಮುಟ್ಟಿ ನೋಡುವ ಬದಲು ಅಳೆಯಿರಿ. ಕೂಲರ್ ಎತ್ತಿದ ಶಾಖ, ಅದು ತಿಂದ ಕರೆಂಟ್ ಎರಡೂ ಅಲ್ಲಿಂದಲೇ ಹೊರಗೆ ಹೋಗಬೇಕು. ಆ ತುದಿಗೆ ತಂಪು ನೀರು ಹರಿಸುವ ಚಿಲ್ಲರ್‌ನ ಕಂಡೆನ್ಸರ್ ರೆಕ್ಕೆಗಳು ಉಪ್ಪುಗಾಳಿಗೆ ಪುಡಿಪುಡಿಯಾಗಿ ಉದುರುವುದು ಪಣಂಬೂರು, ಮಲ್ಪೆ ಕಡೆಯವರಿಗೆ ಹೊಸತಲ್ಲ. ಬಿಸಿ ತುದಿ ಹೋದ ವರ್ಷಕ್ಕಿಂತ 10 ಡಿಗ್ರಿ ಹೆಚ್ಚಿದ್ದರೆ ತಣ್ಣನೆಯ ತುದಿಯೂ ಕೆಲವು ಕೆಲ್ವಿನ್ ಮೇಲೇಳುತ್ತದೆ. ಹಾಗೆಂದು ಚಿಲ್ಲರ್ ನೀರನ್ನು 15 ಡಿಗ್ರಿಗೆ ಇಳಿಸಿದರೆ ಇಬ್ಬನಿ ಕಟ್ಟಿ ಮೋಟಾರ್ ಕನೆಕ್ಟರ್‌ಗೆ ನೀರು ತೊಟ್ಟಿಕ್ಕುತ್ತದೆ. ಕೋಣೆಯನ್ನು 24 ಡಿಗ್ರಿ, 55 ಶೇಕಡ ತೇವಾಂಶಕ್ಕೆ ತಂದರೆ ಇಬ್ಬನಿ ಬಿಂದು 14ರ ಹತ್ತಿರ. ಆಗ 18 ಡಿಗ್ರಿ ನೀರು ಸುರಕ್ಷಿತ. ಎಸಿ ಇಲ್ಲದ ಕೋಣೆಯಲ್ಲಿ 28ಕ್ಕಿಂತ ಕೆಳಗೆ ಹೋಗಬೇಡಿ.

ಹೀಲಿಯಂ ತುಂಬಿದ ಒತ್ತಡವನ್ನು ಯಾವಾಗಲೂ ಕೂಲರ್ ನಿಂತಾಗ, ಒಂದೇ ಕೋಣೆಯ ತಾಪಮಾನದಲ್ಲಿ ಓದಿ. ಮೂರು ಡಿಗ್ರಿ ವ್ಯತ್ಯಾಸಕ್ಕೆ ಒಂದು ಶೇಕಡ ಒತ್ತಡ ಬದಲಾಗುತ್ತದೆ, ಅದು ಸೋರಿಕೆಯಲ್ಲ. ನಿಜವಾಗಿ ಇಳಿದಿದ್ದರೆ ಹೀಲಿಯಂ ಹೊರಗೆ ಹೋಗಿದೆಯೋ ಚೇಂಬರ್ ಒಳಗೆ ಹೋಗಿದೆಯೋ ನೋಡಬೇಕು. ಒಳಗೆ ಹೋದ ಹೀಲಿಯಂ 80 ಕೆಲ್ವಿನ್‌ಗೆ ಹೆಪ್ಪುಗಟ್ಟುವುದಿಲ್ಲ, ನಿರ್ವಾತದಲ್ಲೇ ತಿರುಗುತ್ತಾ ಶಾಖ ಸಾಗಿಸುತ್ತದೆ. ಅಯಾನೀಕರಣ ಗೇಜ್‌ಗೆ ಹೀಲಿಯಂ ಸರಿಯಾಗಿ ಕಾಣುವುದೂ ಇಲ್ಲ. ನಿಜ ಒತ್ತಡದ ಐದಾರನೇ ಒಂದು ಪಾಲನ್ನಷ್ಟೇ ತೋರಿಸುತ್ತದೆ. ಜಪಾನಿನ ಸುಜಾಕು ಉಪಗ್ರಹದ ಎಕ್ಸ್-ರೇ ಮಾಪಕ ಕಳೆದುಹೋದದ್ದು ಹೀಗೆ: 2005ರ ಜುಲೈ 10ರಂದು ಹಾರಿತು, ಹೊರಬಿಟ್ಟ ಹೀಲಿಯಂ ಡ್ಯೂವರ್‌ನ (ಥರ್ಮಾಸ್‌ನಂಥ ಪಾತ್ರೆಯ) ನಿರ್ವಾತದ ಜಾಗಕ್ಕೆ ಸೇರಿ, ಆಗಸ್ಟ್ 8ಕ್ಕೆ ದ್ರವ ಹೀಲಿಯಂ ಪೂರ್ತಿ ಆವಿಯಾಯಿತು.

ಆನ್ ಮಾಡಿದ ದಿನ ಚೆನ್ನಾಗಿದ್ದು ದಿನ ಕಳೆದಂತೆ ತಾಪಮಾನ ಮೆಲ್ಲಗೆ ಏರಿ, ಒಮ್ಮೆ ಬಿಸಿ ಮಾಡಿ ಮತ್ತೆ ಓಡಿಸಿದರೆ ಸರಿಹೋಗುವಂತಿದ್ದರೆ ರೀಜನರೇಟರ್ (ಹೀಲಿಯಂ ಹಿಂದೆ ಮುಂದೆ ಹರಿಯುವಾಗ ಅದರ ಶಾಖ ಹಿಡಿದು ಬಿಡುವ ಭಾಗ) ಒಳಗೆ ನೀರಾವಿ ಅಥವಾ ಎಣ್ಣೆ ಹೆಪ್ಪುಗಟ್ಟುತ್ತಿದೆ. ಹೀಲಿಯಂ ಮರುತುಂಬುವಾಗ ಮೆದುಗೊಳವೆಯೊಳಗಿನ ಗಾಳಿ ತೆಗೆಯದಿದ್ದರೆ ಹೀಗೆ ಆಗುತ್ತದೆ. 99.999 ಶೇಕಡ ಶುದ್ಧ ಹೀಲಿಯಂ ಬಳಸಿ, ಗೊಳವೆಯನ್ನು ಪಂಪ್‌ನಿಂದ ಎಳೆದು ತುಂಬಿ, ಐದು ಸಲ ಹಾಗೆ ಮಾಡಿ, ಆಮೇಲೆ ಕೂಲರ್ ವಾಲ್ವ್ ತೆರೆಯಿರಿ. ಎಣ್ಣೆ ಕಂಪ್ರೆಸರ್ ಇರುವ ಗಿಫರ್ಡ್-ಮ್ಯಾಕ್‌ಮಹನ್ ಮಾದರಿಯಾದರೆ ಎಣ್ಣೆ ಹೀರುವ ಅಡ್ಸಾರ್ಬರ್‌ನ ಅವಧಿ ಮುಗಿದಿದೆಯೇ ನೋಡಿ.

ಪಲ್ಸ್ ಟ್ಯೂಬ್‌ನ ತಣ್ಣನೆಯ ತುದಿ ಕೆಳಗೆ ಬರುವಂತೆ ನಿಲ್ಲಿಸಿ. ಅಡ್ಡ ಮಲಗಿಸಿದರೆ ಕೊಳವೆಯೊಳಗೆ ಅನಿಲ ತಾನೇ ಸುತ್ತಿ ಶಾಖ ಇಳಿಸುತ್ತದೆ, ಅದರಲ್ಲೂ ನಿಧಾನ ಬಡಿತದ ಮಾದರಿಗಳಲ್ಲಿ. ಬಾಹ್ಯಾಕಾಶದಲ್ಲಿ ಈ ತೊಂದರೆ ಇಲ್ಲ, ಇದು ನೆಲದ ಪರೀಕ್ಷೆಯದ್ದೇ ಕಾಟ. ಸ್ಟರ್ಲಿಂಗ್ ಕೂಲರ್‌ನಲ್ಲಿ ಟಕಟಕ ಲೋಹದ ಸದ್ದು ಬಂದರೆ ಪಿಸ್ಟನ್ ತುದಿಗೆ ಬಡಿಯುತ್ತಿದೆ, ಕೂಡಲೇ ಡ್ರೈವ್ ವೋಲ್ಟೇಜ್ ಇಳಿಸಿ. ಒತ್ತಡ, ಬಿಸಿ ತುದಿ, ಡ್ರೈವ್ ಮೂರೂ ಸರಿಯಿದ್ದು ಭಾರದ ಗೆರೆ ಮಾತ್ರ ಕೆಟ್ಟಿದ್ದರೆ ಆಗ ಕೂಲರ್ ಅನ್ನು ತಯಾರಕರಿಗೆ ಕಳುಹಿಸಿ. ಬಾಹ್ಯಾಕಾಶ ದರ್ಜೆಯ ಕೂಲರ್‌ಗಳ ಪಿಸ್ಟನ್ ಸಿಲಿಂಡರ್‌ಗೆ ತಾಗದೆ ತೆಳು ಸ್ಪ್ರಿಂಗ್ ಬಿಲ್ಲೆಗಳ ಮೇಲೆ ತೇಲುವಂತೆ ಕಟ್ಟಿರುತ್ತಾರೆ, ನಡುವಿನ ಸಂದು ಕೂದಲೆಳೆಗಿಂತ ಸಣ್ಣದು. ಲ್ಯಾಬ್‌ನಲ್ಲಿ ಬಿಚ್ಚಿ ಜೋಡಿಸುವ ವಸ್ತು ಅದಲ್ಲ.

ಕರೆಂಟ್ ಹೋದಾಗ

ಸಿಡಿಲಿನ ಕಾಲದಲ್ಲಿ ಕರೆಂಟ್ ಹೋದರೆ ಟರ್ಬೊ ತಾನೇ ನಿಧಾನಿಸುತ್ತದೆ, ರೋಟರಿ ನಿಂತುಬಿಡುತ್ತದೆ, ಅದರ ಎಣ್ಣೆಯಾವಿ ಹಿಂದಕ್ಕೆ ಚೇಂಬರ್‌ಗೆ ಬರುತ್ತದೆ. ಪಂಪ್‌ನ ಮುಂದೆ ಕರೆಂಟ್ ಹೋದೊಡನೆ ತಾನೇ ಮುಚ್ಚುವ ವಾಲ್ವ್ ಕಡ್ಡಾಯ. ಕರೆಂಟ್ ಬಂದ ಮೇಲೆ ತಟ್ಟೆ 150 ಕೆಲ್ವಿನ್ ದಾಟಿದ್ದರೆ ಕೂಲರ್ ಹಾಕಲು ಅವಸರ ಬೇಡ. ಮಂಜಿನಿಂದ ಆವಿಯಾದ ನೀರೆಲ್ಲ ಈಗ ಚೇಂಬರ್‌ನಲ್ಲಿದೆ, ಮತ್ತೆ ತಂಪು ಮಾಡಿದರೆ ಅದು ಡಿಟೆಕ್ಟರ್ ಮೇಲೇ ಕೂರುತ್ತದೆ. ಪೂರ್ತಿ ಬಿಸಿ ಮಾಡಿ, ಪಂಪ್ ಮಾಡಿ, ಕವಾಟ ಪರೀಕ್ಷೆ ಮಾಡಿ, ಆಮೇಲೆ ಇಳಿಸಿ. ಚೇಂಬರ್‌ಗೆ ಸುರಕ್ಷಾ ವಾಲ್ವ್ ಇದ್ದೇ ಇರಬೇಕು, ಹೆಪ್ಪುಗಟ್ಟಿದ ಅನಿಲ ಒಮ್ಮೆಗೇ ಎದ್ದರೆ ಕಿಟಕಿಯ ಗಾಜು ಹಾರುತ್ತದೆ.

ಥರ್ಮಾಮೀಟರ್ ತಾಳೆ ನೋಡಲು ದ್ರವ ಸಾರಜನಕ ತರಿಸಿದಾಗ ಮಳೆ ಬರುತ್ತದೆ ಎಂದು ಕಿಟಕಿ ಮುಚ್ಚಿಕೊಂಡು ಕೆಲಸ ಮಾಡಬೇಡಿ. ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗುತ್ತದೆ. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಎತ್ತರದ ಮುಚ್ಚಿದ ಕೋಣೆಯಲ್ಲಿ 10 ಲೀಟರ್ ಚೆಲ್ಲಿದರೆ ಆಮ್ಲಜನಕ 21 ಶೇಕಡದಿಂದ 17ರ ಆಸುಪಾಸಿಗೆ ಇಳಿಯುತ್ತದೆ, 19.5ರ ಕೆಳಗೆ ಅಪಾಯ, ಮತ್ತು ಉಸಿರಾಡುವವರಿಗೆ ಏನೂ ಗೊತ್ತಾಗುವುದಿಲ್ಲ. ಆಮ್ಲಜನಕ ಮಾಪಕ ಗೋಡೆಗೆ ಹಾಕಿ, ಬಾಗಿಲು ತೆರೆದಿಡಿ. ಮಳೆ ಒಳಗೆ ಎರಚಿದರೆ ನೆಲ ಒರೆಸಿಕೊಳ್ಳಬಹುದು.